ಗ್ರೀನ್ ಕಾರ್ಡ್ ಸೈನಿಕನ ಕೇಸು ಪತ್ರಿಕೆಗೆ ಹೋಗಬೇಕೇ? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಸೇನೆಯಲ್ಲಿ ಗ್ರೀನ್ ಕಾರ್ಡ್ ಮೇಲೆ ಇರುವ ಅಥವಾ ಇದ್ದು ಬಂದ ಮಗನೋ ಮಗಳೋ ಅಳಿಯನೋ ಕೇಸಿನಲ್ಲಿ ಸಿಕ್ಕಿಕೊಂಡಾಗ ಮನೆಯವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದೆ. ಅದರಲ್ಲೂ "ವಕೀಲರು ಟಿವಿಯವರ ಹತ್ತಿರ ಹೋಗೋಣ ಅಂತಿದ್ದಾರೆ, ಒಪ್ಪಬಹುದಾ?" ಎಂಬ ಪ್ರಶ್ನೆಗೇ ಹೆಚ್ಚು ಜಾಗ ಕೊಟ್ಟಿದೆ. ಇದು ತಿಳಿವಳಿಕೆಗೆ ಮಾತ್ರ. ನಿಮ್ಮ ಕೇಸಿನ ಕಡತ ನೋಡಿದವರ ಸಲಹೆಗೆ ಇದು ಬದಲಿಯಾಗದು.

ಅಮೆರಿಕದ ಪ್ರಜೆ ಅಲ್ಲದವರು ಅಲ್ಲಿನ ಸೇನೆಗೆ ಸೇರಬಹುದೇ?

ಗ್ರೀನ್ ಕಾರ್ಡ್ ಇದ್ದರೆ ಸಿಪಾಯಿ ದರ್ಜೆಗೆ ಸೇರಬಹುದು, ಅಧಿಕಾರಿಯಾಗಲು ಸಾಮಾನ್ಯವಾಗಿ ಪೌರತ್ವ ಬೇಕು. ಎಚ್-1ಬಿ ಅಥವಾ ವಿದ್ಯಾರ್ಥಿ ವೀಸಾದಲ್ಲಿರುವವರಿಗೆ ಈಗ ದಾರಿಯಿಲ್ಲ. 2009ರಲ್ಲಿ ಶುರುವಾದ 'ಮಾವ್ನಿ' ಎಂಬ ಯೋಜನೆಯಲ್ಲಿ ಅಂಥವರಿಗೂ ಅವಕಾಶವಿತ್ತು. ವೈದ್ಯರನ್ನೂ, ಹಿಂದಿ, ತಮಿಳು, ಮಲಯಾಳಂ, ಪಂಜಾಬಿ, ಉರ್ದು ಮೊದಲಾದ ಭಾಷೆ ಬಲ್ಲವರನ್ನೂ ಸೇನೆ ಅದರಡಿ ತೆಗೆದುಕೊಂಡಿತು. ಹತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದರು. 2016ರಲ್ಲಿ ಯೋಜನೆ ನಿಂತಿತು.

ಸೇನೆ ಸೇರಿ ಪ್ರಮಾಣ ಮಾಡಿದ ಮೇಲೆ ಸಿಟಿಜನ್‌ಶಿಪ್ ತಾನಾಗಿಯೇ ಬರುತ್ತದಲ್ಲವೇ?

ಇಲ್ಲ. ಎಷ್ಟೋ ಮನೆಗಳಲ್ಲಿ ತೊಂದರೆ ಶುರುವಾಗುವುದೇ ಈ ನಂಬಿಕೆಯಿಂದ. ಸೇನೆಗೆ ಸೇರುವಾಗಿನ ಪ್ರಮಾಣ ಬೇರೆ, ಪೌರತ್ವದ ಪ್ರಮಾಣ ಬೇರೆ. ಎರಡನೆಯದಕ್ಕೆ ಎನ್-400 ಅರ್ಜಿ ಹಾಕಬೇಕು. ಸೇವೆ ಗೌರವಯುತವಾಗಿದೆ ಎಂದು ಸೇನೆಯೇ ದೃಢೀಕರಿಸುವ ಎನ್-426 ಅದರ ಜೊತೆಗಿರಬೇಕು. ಸೈನಿಕರಿಗೆ ಅರ್ಜಿ ಶುಲ್ಕವಿಲ್ಲ.

ಯುದ್ಧಕಾಲದ ಸೇವೆಗೆ ಕಾನೂನು ಉದಾರವಾಗಿದೆ. 2001ರ ಸೆಪ್ಟೆಂಬರ್ 11ರಿಂದ ಯುದ್ಧಕಾಲ ಎಂದು ಅಧ್ಯಕ್ಷ ಜಾರ್ಜ್ ಬುಷ್ 2002ರ ಜುಲೈನಲ್ಲಿ ಆದೇಶ ಹೊರಡಿಸಿದರು. ಆ ಅವಧಿಯಲ್ಲಿ ಸೇವೆ ಮಾಡಿದವರು ಐದು ವರ್ಷ ಕಾಯದೆ ಅರ್ಜಿ ಹಾಕಬಹುದು. ಎನ್-426 ಯಾವಾಗ ಸಿಗುತ್ತದೆ ಎಂಬ ನಿಯಮವನ್ನು 2017ರಲ್ಲಿ ಬಿಗಿಮಾಡಿದ್ದರಿಂದ ವಿಷಯ ಕೋರ್ಟ್ ಮೆಟ್ಟಿಲೂ ಹತ್ತಿತು. ಹಳೆಯ ಬ್ಲಾಗ್ ಓದಿ ಲೆಕ್ಕ ಹಾಕಬೇಡಿ.

ಇನ್ನೊಂದು ಷರತ್ತು ಬಹಳ ಮಂದಿಗೆ ಗೊತ್ತಿರುವುದಿಲ್ಲ. ಸೇನೆಯ ಮೂಲಕ ಪೌರತ್ವ ಪಡೆದವರು ಒಟ್ಟು ಐದು ವರ್ಷ ಗೌರವಯುತ ಸೇವೆ ಪೂರೈಸುವ ಮೊದಲೇ ಕೆಟ್ಟ ಷರಾ ಹೊತ್ತು ಹೊರಬಿದ್ದರೆ, ಕೊಟ್ಟ ಪೌರತ್ವವನ್ನು ವಾಪಸು ಪಡೆಯಲೂ ಕಾನೂನಿನಲ್ಲಿ ಅವಕಾಶವಿದೆ.

ದೇಶಕ್ಕಾಗಿ ಯುದ್ಧಕ್ಕೆ ಹೋಗಿ ಬಂದವರನ್ನೂ ಗಡೀಪಾರು ಮಾಡುತ್ತಾರೆಯೇ?

ಮಾಡುತ್ತಾರೆ, ಮಾಡಿದ್ದಾರೆ. ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2019ರಲ್ಲಿ ಕೊಟ್ಟ ವರದಿ ಪ್ರಕಾರ 2013ರಿಂದ 2018ರವರೆಗೆ ಸುಮಾರು 250 ಮಾಜಿ ಸೈನಿಕರ ಮೇಲೆ ಗಡೀಪಾರು ಪ್ರಕ್ರಿಯೆ ನಡೆದಿತ್ತು, 92 ಮಂದಿಯನ್ನು ದೇಶದಿಂದ ಕಳಿಸಲಾಗಿತ್ತು. ಮಾಜಿ ಸೈನಿಕರ ವಿಷಯದಲ್ಲಿ ವಲಸೆ ಇಲಾಖೆ ತನ್ನದೇ ನಿಯಮಗಳನ್ನು ಸರಿಯಾಗಿ ಪಾಲಿಸಿಲ್ಲ ಎಂದೂ ಆ ವರದಿ ಹೇಳಿತು.

ಮೂಲ ಕಾರಣ 1996ರ ಕಾನೂನು. 'ಅಗ್ರವೇಟೆಡ್ ಫೆಲೊನಿ' ಎಂಬ, ಗಡೀಪಾರಿಗೆ ದಾರಿಯಾಗುವ ಗಂಭೀರ ಅಪರಾಧಗಳ ಪಟ್ಟಿಯನ್ನು ಅದು ಎಷ್ಟು ಹಿಗ್ಗಿಸಿತೆಂದರೆ, ರಾಜ್ಯದ ಕೋರ್ಟಿನಲ್ಲಿ ಸಾಧಾರಣ ಎನಿಸಿಕೊಂಡ ಅಪರಾಧವೂ ಅದರೊಳಗೆ ಬೀಳಬಹುದು. ಬಿದ್ದ ಮೇಲೆ ವಲಸೆ ನ್ಯಾಯಾಧೀಶರಿಗೆ ಕೈಕಟ್ಟಿದ ಹಾಗೆ. ಎದುರಿಗೆ ನಿಂತವನ ಎದೆಯ ಮೇಲೆ ಪದಕಗಳಿದ್ದರೂ ಅವನ್ನು ತೂಗಿ ನೋಡುವ ಅಧಿಕಾರ ಅವರಿಗೆ ಉಳಿಯುವುದಿಲ್ಲ.

ಹಾಗಾದರೆ ಮಾಧ್ಯಮಕ್ಕೆ ಹೋಗಿ ಏನು ಪ್ರಯೋಜನ? ಜಡ್ಜ್ ಪೇಪರ್ ನೋಡಿ ತೀರ್ಪು ಕೊಡುತ್ತಾರೆಯೇ?

ಕೊಡುವುದಿಲ್ಲ, ಕೊಡಲೂಬಾರದು. ಒಳ್ಳೆಯ ವಕೀಲರು ಸುದ್ದಿಗೆ ಹೋಗುವುದು ಜಡ್ಜ್‌ಗಾಗಿ ಅಲ್ಲ. ಕಾನೂನು ಬೇರೆ ಯಾರ ಕೈಯಲ್ಲಾದರೂ ಸ್ವಲ್ಪ ಸಡಿಲ ಬಿಟ್ಟಿದ್ದರೆ, ಅವರ ಕಣ್ಣಿಗೆ ಬೀಳಲೆಂದು. ಕ್ಷಮಾದಾನ ಕೊಡಬಲ್ಲ ರಾಜ್ಯಪಾಲರಿದ್ದಾರೆ. (ಅಲ್ಲಿನ ರಾಜ್ಯಪಾಲರು ಜನರಿಂದ ಆಯ್ಕೆಯಾದವರು, ನಮ್ಮ ರಾಜಭವನದವರಂತಲ್ಲ. ಮತದಾರರ ಅಭಿಪ್ರಾಯ ಅವರಿಗೆ ಮುಖ್ಯ.) ಗಡೀಪಾರನ್ನು ತಡೆಹಿಡಿಯಬಲ್ಲ ವಲಸೆ ಅಧಿಕಾರಿಗಳಿದ್ದಾರೆ, ಇಲಾಖೆಗೆ ಪತ್ರ ಬರೆಯಬಲ್ಲ ಸೆನೆಟರ್ ಇದ್ದಾರೆ. ಕೋರ್ಟ್ ಮಾರ್ಷಲ್ (ಸೇನೆಯದೇ ನ್ಯಾಯಾಲಯದ ವಿಚಾರಣೆ) ಆದರೆ, ಆರೋಪ ಮುಂದುವರಿಸಬೇಕೋ ಕೈಬಿಡಬೇಕೋ ಎಂದು ನಿರ್ಧರಿಸುವ ಕಮಾಂಡರ್ ಇದ್ದಾರೆ. ಕೊಲೆ, ಅತ್ಯಾಚಾರದಂಥ ಗಂಭೀರ ಆರೋಪಗಳಲ್ಲಿ ಮಾತ್ರ 2023ರ ಡಿಸೆಂಬರ್‌ನಿಂದ ಆ ನಿರ್ಧಾರ ಸೇನೆಯ ವಿಶೇಷ ಪ್ರಾಸಿಕ್ಯೂಟರ್‌ಗಳದು.

ಆದ್ದರಿಂದ ವಕೀಲರು ಸುದ್ದಿಗೋಷ್ಠಿಯ ಮಾತೆತ್ತಿದ ಕೂಡಲೇ ಕೇಳಬೇಕಾದದ್ದು ಇಷ್ಟೇ: "ಇದನ್ನು ಓದಿ ಯಾರು ಏನು ಮಾಡಬೇಕು ಅಂತ ನಿಮ್ಮ ಅಂದಾಜು?" ಉತ್ತರದಲ್ಲಿ ಒಂದು ಹುದ್ದೆ, ಆ ಹುದ್ದೆಯಲ್ಲಿರುವವರು ಕಾನೂನುಬದ್ಧವಾಗಿ ಮಾಡಬಹುದಾದ ಒಂದು ಕೆಲಸ, ಅದಕ್ಕೆ ಸಲ್ಲಿಸಿರುವ ಒಂದು ಅರ್ಜಿ ಇರಬೇಕು. "ಜನಕ್ಕೆ ಗೊತ್ತಾಗಲಿ, ಒತ್ತಡ ಬೀಳಲಿ" ಎಂದಷ್ಟೇ ಹೇಳಿದರೆ ನಾನಂತೂ ಒಪ್ಪುವುದಿಲ್ಲ. ಆ ಸುದ್ದಿಯಿಂದ ವಕೀಲರ ಹೆಸರು ಬೆಳೆಯಬಹುದು, ಹುಡುಗನ ಕೇಸು ಇದ್ದಲ್ಲೇ ಇರುತ್ತದೆ.

ಸುದ್ದಿಯಾದದ್ದರಿಂದ ನಿಜವಾಗಿ ಒಳ್ಳೆಯದಾದ ಉದಾಹರಣೆ ಇದೆಯೇ?

ಮಿಗೆಲ್ ಪೆರೆಸ್ ಪ್ರಕರಣವನ್ನು ನೋಡಿ. ಮೆಕ್ಸಿಕೋದಲ್ಲಿ ಹುಟ್ಟಿ, ಎಂಟನೇ ವಯಸ್ಸಿಗೆ ಶಿಕಾಗೋಗೆ ಬಂದವರು. ಸೇನೆಗೆ ಸೇರಿ ಎರಡು ಬಾರಿ ಆಫ್ಘಾನಿಸ್ತಾನಕ್ಕೆ ಹೋಗಿಬಂದರು. ಸೇನೆಯ ಪ್ರಮಾಣದಿಂದಲೇ ತಾನು ಅಮೆರಿಕದ ಪ್ರಜೆಯಾದೆ ಎಂದು ಅವರೂ ನಂಬಿದ್ದರು. ಆಮೇಲೆ ಕೊಕೇನ್ ಪ್ರಕರಣವೊಂದರಲ್ಲಿ ಶಿಕ್ಷೆಯಾಯಿತು. ಏಳು ವರ್ಷಕ್ಕೂ ಹೆಚ್ಚು ಜೈಲಿನಲ್ಲಿದ್ದು ಹೊರಬರುವ ಹೊತ್ತಿಗೆ ಮನೆಗೆ ಬಿಡದೆ ವಲಸೆ ಇಲಾಖೆ ವಶಕ್ಕೆ ತೆಗೆದುಕೊಂಡಿತು.

2018ರ ಆರಂಭದಲ್ಲಿ ಅವರು ಬಂಧನದಲ್ಲೇ ಉಪವಾಸ ಕೂತರು. ಪತ್ರಿಕೆಗಳು ಬರೆದವು. ಇರಾಕ್‌ನಲ್ಲಿ ಎರಡೂ ಕಾಲು ಕಳೆದುಕೊಂಡಿದ್ದ ಸೆನೆಟರ್ ಟ್ಯಾಮಿ ಡಕ್‌ವರ್ತ್ ಪೆರೆಸ್ ಪರ ನಿಂತರು. ಅಷ್ಟಾದರೂ ಅದೇ ಮಾರ್ಚ್‌ನಲ್ಲಿ ಅವರನ್ನು ಗಡಿ ದಾಟಿಸಿ ಮೆಕ್ಸಿಕೋಗೆ ಒಪ್ಪಿಸಲಾಯಿತು. ಇಲ್ಲಿಗೆ ನಿಲ್ಲಿಸಿದರೆ ಸುದ್ದಿಯೆಲ್ಲ ನೀರಿನಲ್ಲಿ ಹೋಮ ಎನಿಸುತ್ತದೆ. ಆದರೆ ವಕೀಲರೂ ಸಮುದಾಯದವರೂ ಕೈಬಿಡಲಿಲ್ಲ. 2019ರಲ್ಲಿ ಇಲಿನಾಯ್‌ಗೆ ಹೊಸ ರಾಜ್ಯಪಾಲರಾಗಿ ಬಂದ ಜೆ. ಬಿ. ಪ್ರಿಟ್ಜ್‌ಕರ್ ಆಗಸ್ಟ್‌ನಲ್ಲಿ ಕ್ಷಮಾದಾನ ಕೊಟ್ಟರು. ಪೆರೆಸ್ ಸೆಪ್ಟೆಂಬರ್‌ನಲ್ಲಿ ಶಿಕಾಗೋಗೆ ಮರಳಿ, ಅಕ್ಟೋಬರ್‌ನಲ್ಲಿ ಅಮೆರಿಕದ ಪ್ರಜೆಯಾದರು. ಗಡೀಪಾರು ತಪ್ಪಿಸಲಾಗದ ಸುದ್ದಿ, ಆಮೇಲೆ ಕ್ಷಮಾದಾನದ ಅರ್ಜಿ ಬಂದಾಗ ಆ ಹೆಸರನ್ನು ಎಲ್ಲರಿಗೂ ಪರಿಚಿತವಾಗಿಸಿತ್ತು.

ಹೆಕ್ಟರ್ ಬರಾಹಾಸ್ ಅವರದ್ದು ಇನ್ನೂ ದೀರ್ಘ ಹಾದಿ. ಭೂಸೇನೆಯ 82ನೇ ಏರ್‌ಬೋರ್ನ್ ಡಿವಿಷನ್ನಿನಲ್ಲಿ ಪ್ಯಾರಾಟ್ರೂಪರ್ ಆಗಿದ್ದವರು, ಗುಂಡು ಹಾರಿಸಿದ ಪ್ರಕರಣದಲ್ಲಿ ಶಿಕ್ಷೆಯಾಗಿ ಗಡೀಪಾರಾದರು. ಮೆಕ್ಸಿಕೋದ ಟಿಹುವಾನಾದಲ್ಲಿ ತಮ್ಮಂಥ ಮಾಜಿ ಸೈನಿಕರಿಗೆ ಒಂದು ತಂಗುದಾಣ ತೆರೆದರು. ಎಲ್ಲರೂ ಅದನ್ನು 'ಬಂಕರ್' ಎನ್ನುತ್ತಿದ್ದರು. ಪತ್ರಕರ್ತರು ಗಡಿ ದಾಟಿ ಬರುತ್ತಿದ್ದರು, ಹೋಗುತ್ತಿದ್ದರು. 2017ರಲ್ಲಿ ಕ್ಯಾಲಿಫೋರ್ನಿಯಾದ ರಾಜ್ಯಪಾಲ ಜೆರಿ ಬ್ರೌನ್ ಕ್ಷಮಾದಾನ ಕೊಟ್ಟರು, 2018ರ ಏಪ್ರಿಲ್‌ನಲ್ಲಿ ಪೌರತ್ವ ಬಂತು. ಮೊದಲ ಗಡೀಪಾರು 2004ರಲ್ಲಿ ಆಗಿತ್ತು ಎನ್ನುವುದನ್ನು ಮರೆಯಬೇಡಿ.

ಬೇಗ ಫಲ ಕೊಟ್ಟದ್ದೂ ಉಂಟು. ಮಾವ್ನಿಯಲ್ಲಿ ಸೇರಿದ್ದ ವಲಸಿಗರನ್ನು ಸೇನೆಯವರು ಸದ್ದಿಲ್ಲದೆ ಮನೆಗೆ ಕಳಿಸುತ್ತಿದ್ದಾರೆ ಎಂದು 2018ರ ಜುಲೈ ಮೊದಲ ವಾರದಲ್ಲಿ ಅಸೋಸಿಯೇಟೆಡ್ ಪ್ರೆಸ್ ವರದಿ ಮಾಡಿತು. ಬ್ರೆಜಿಲ್ ಮೂಲದ ರಿಸರ್ವ್ ಸೈನಿಕರೊಬ್ಬರು ಅಷ್ಟರಲ್ಲಾಗಲೇ ಕೋರ್ಟಿಗೆ ಹೋಗಿದ್ದರು. ಅದೇ ತಿಂಗಳಲ್ಲಿ ಸೇನೆ ಅವರನ್ನು ಕೆಲಸದಿಂದ ತೆಗೆದ ಆದೇಶವನ್ನು ಹಿಂತೆಗೆದುಕೊಂಡಿತು, ಉಳಿದವರನ್ನು ಹೊರಹಾಕುವುದನ್ನೂ ತಡೆಹಿಡಿಯಿತು. ವರದಿ ಬರುವ ಮೊದಲೇ ದಾವೆ ಹೂಡಿಯಾಗಿತ್ತು ಎನ್ನುವುದು ಇಲ್ಲಿನ ಮುಖ್ಯ ಅಂಶ.

ಕ್ಷಮಾದಾನ ಸಿಕ್ಕರೆ ಗಡೀಪಾರಿನ ಭಯ ಹೋಯಿತು ಎಂದೇ?

ಅದು ಯಾವ ಅಪರಾಧ ಎನ್ನುವುದರ ಮೇಲೆ ನಿಂತಿದೆ. ರಾಜ್ಯಪಾಲರ ಪೂರ್ಣ ಕ್ಷಮಾದಾನ ಕೆಲವು ಬಗೆಯ ಅಪರಾಧಗಳಲ್ಲಿ ಗಡೀಪಾರಿನ ಆಧಾರವನ್ನೇ ಅಳಿಸುತ್ತದೆ. ಮಾದಕವಸ್ತು ಅಪರಾಧಕ್ಕೆ ಕಾನೂನು ಆ ವಿನಾಯಿತಿ ಕೊಟ್ಟಿಲ್ಲ. ಪೆರೆಸ್ ಅವರಿಗೆ ಆದದ್ದು ನಮಗೂ ಆಗುತ್ತದೆ ಎಂದು ಹೇಳಲು ಬರುವುದಿಲ್ಲ.

ಸುದ್ದಿಯಾಗಿಯೂ ಸೋತ ಕೇಸು?

ಕಾಮಿಲೋ ಮೆಹಿಯಾ ಅವರದ್ದು. ನಿಕರಾಗುವಾ ಮೂಲದವರು, ಗ್ರೀನ್ ಕಾರ್ಡ್ ಇದ್ದವರು, ಫ್ಲಾರಿಡಾ ನ್ಯಾಷನಲ್ ಗಾರ್ಡ್‌ನಲ್ಲಿ ಸ್ಟಾಫ್ ಸಾರ್ಜೆಂಟ್. 2003ರಲ್ಲಿ ಇರಾಕ್‌ನಿಂದ ರಜೆಗೆ ಬಂದವರು ಮರಳಿ ಹೋಗಲಿಲ್ಲ. ಸುಮಾರು ಐದು ತಿಂಗಳು ತಲೆಮರೆಸಿಕೊಂಡಿದ್ದು, 2004ರ ಮಾರ್ಚ್‌ನಲ್ಲಿ ಮ್ಯಾಸಚೂಸೆಟ್ಸ್‌ನ ಶೆರ್ಬರ್ನ್ ಎಂಬ ಊರಿನ ಶಾಂತಿ ಕೇಂದ್ರದಲ್ಲಿ ಸುದ್ದಿಗೋಷ್ಠಿ ನಡೆಸಿ, ಅಲ್ಲಿಂದ ನೇರ ವಾಯುನೆಲೆಗೆ ಹೋಗಿ ಶರಣಾದರು. ಅಮೆರಿಕದ ಮಾಜಿ ಅಟಾರ್ನಿ ಜನರಲ್ ರಾಮ್ಸೆ ಕ್ಲಾರ್ಕ್ ಮೆಹಿಯಾ ಪರ ವಕೀಲರ ತಂಡದಲ್ಲಿದ್ದರು. ಜಗತ್ತಿನ ಪತ್ರಿಕೆಗಳು ಬಂದವು. ಆದರೂ ಜಾರ್ಜಿಯಾದ ಫೋರ್ಟ್ ಸ್ಟೀವರ್ಟ್‌ನಲ್ಲಿ ನಡೆದ ಕೋರ್ಟ್ ಮಾರ್ಷಲ್‌ನಲ್ಲಿ, ಯುದ್ಧವೇ ಅಕ್ರಮ ಎಂಬ ವಾದಕ್ಕೆ ಜಾಗ ಸಿಗಲಿಲ್ಲ. ಮೇ ತಿಂಗಳಲ್ಲಿ ಒಂದು ವರ್ಷ ಸೆರೆ ಮತ್ತು ಬ್ಯಾಡ್ ಕಂಡಕ್ಟ್ ಡಿಸ್ಚಾರ್ಜ್ (ಕೆಟ್ಟ ನಡತೆಯ ಷರಾದೊಂದಿಗೆ ಸೇನೆಯಿಂದ ವಜಾ) ಆಯಿತು.

ಅವರ ಉದ್ದೇಶವೇ ಯುದ್ಧದ ವಿರುದ್ಧ ಮಾತಾಡುವುದಾಗಿತ್ತು, ಆ ಲೆಕ್ಕದಲ್ಲಿ ಅವರು ಸೋತಿಲ್ಲ. ಮಾನವ ಹಕ್ಕು ಸಂಸ್ಥೆ ಆಮ್ನೆಸ್ಟಿ ಅವರನ್ನು ಆತ್ಮಸಾಕ್ಷಿಯ ಕೈದಿ ಎಂದು ಘೋಷಿಸಿತು. ಆದರೆ "ಮಗ ಮನೆಗೆ ಬಂದರೆ ಸಾಕು" ಎನ್ನುವ ತಂದೆತಾಯಿಗೆ ಈ ಮಾದರಿ ಹೊಂದುವುದಿಲ್ಲ.

ಸರ್ಕಾರವೇ ಮೊದಲು "ದೇಶದ್ರೋಹಿ" ಎಂದು ಸುದ್ದಿ ಮಾಡಿದರೆ ಸುಮ್ಮನಿರಬೇಕೇ?

ಬೇಕಿಲ್ಲ. ಸಿರಿಯಾದಲ್ಲಿ ಹುಟ್ಟಿದ ಅಹ್ಮದ್ ಅಲ್ ಹಲಬಿ ಅಮೆರಿಕದ ವಾಯುಸೇನೆಯಲ್ಲಿದ್ದರು, ಗ್ವಾಂಟನಾಮೊ ಸೆರೆಮನೆಯಲ್ಲಿ ಅರಬಿ ಭಾಷಾಂತರಕಾರರಾಗಿ ಕೆಲಸ ಮಾಡುತ್ತಿದ್ದರು. ಮದುವೆಗೆಂದು ಸಿರಿಯಾಕ್ಕೆ ಹೊರಟವರನ್ನು 2003ರ ಜುಲೈನಲ್ಲಿ ಬಂಧಿಸಿದರು. ಮೂವತ್ತರ ಆಸುಪಾಸು ಆರೋಪಗಳಿದ್ದವು. ಮರಣದಂಡನೆಯವರೆಗೆ ಹೋಗಬಹುದಾದ 'ಶತ್ರುವಿಗೆ ನೆರವು' ಅವುಗಳಲ್ಲಿ ಒಂದು, ಕೈದಿಗಳಿಗೆ ಬಕ್ಲಾವಾ ಸಿಹಿ ಕೊಟ್ಟರು ಎಂಬುದು ಇನ್ನೊಂದು. ಗೂಢಚಾರ ಸಿಕ್ಕಿಬಿದ್ದ ಎಂದು ಊರೆಲ್ಲ ಸುದ್ದಿಯಾಯಿತು. ವಕೀಲರು ಪತ್ರಿಕೆಗಳ ಜೊತೆ ಮಾತಾಡುತ್ತ, ಆದರೆ ನಿಜವಾದ ಹೋರಾಟವನ್ನು ಕೋರ್ಟಿನಲ್ಲಿ ಇಟ್ಟುಕೊಂಡು, ಸಾಕ್ಷ್ಯವನ್ನೂ ಅರಬಿ ಪತ್ರಗಳ ಅನುವಾದವನ್ನೂ ಒಂದೊಂದಾಗಿ ಪ್ರಶ್ನಿಸಿದರು. ದೊಡ್ಡ ಆರೋಪಗಳೆಲ್ಲ ಉದುರಿದವು. 2004ರ ಸೆಪ್ಟೆಂಬರ್‌ನಲ್ಲಿ ಕೆಲವು ಸಣ್ಣ ತಪ್ಪುಗಳನ್ನು ಒಪ್ಪಿಕೊಂಡು, ಅಷ್ಟರಲ್ಲಾಗಲೇ ಅನುಭವಿಸಿದ್ದ ಸೆರೆವಾಸಕ್ಕೇ ಶಿಕ್ಷೆ ಮುಗಿದು ಹೊರಬಂದರು. ಸೇನೆಯ ಕೆಲಸ ಹೋಯಿತು.

ವಕೀಲರು ಕ್ಯಾಮೆರಾ ಮುಂದೆ ಏನು ಬೇಕಾದರೂ ಹೇಳಬಹುದೇ?

ಇಲ್ಲ. ಹೆಚ್ಚಿನ ರಾಜ್ಯಗಳಲ್ಲಿ ವಕೀಲರ ನಡತೆಯ ನಿಯಮ 3.6 ಅವರಿಗೆ ಲಗಾಮು ಹಾಕುತ್ತದೆ. ವಿಚಾರಣೆಗೆ ಗಂಭೀರ ಧಕ್ಕೆಯಾಗುವ ಸಂಭವ ಹೆಚ್ಚಿರುವ ಮಾತನ್ನು ಹೊರಗೆ ಆಡಬಾರದು. ಆರೋಪ ಏನು, ನಮ್ಮ ವಾದ ಏನು, ಮುಂದಿನ ತಾರೀಕು ಯಾವುದು, ಸಾರ್ವಜನಿಕ ದಾಖಲೆಯಲ್ಲಿ ಏನಿದೆ ಎಂಬುದನ್ನು ಹೇಳಬಹುದು. ಎದುರಿನವರು ಹಬ್ಬಿಸಿದ ಸುದ್ದಿಯಿಂದ ಕಕ್ಷಿದಾರನಿಗೆ ಹಾನಿಯಾಗುತ್ತಿದ್ದರೆ ಅದನ್ನು ಸರಿಪಡಿಸುವಷ್ಟು ಮಾತಾಡಲೂ ಅವಕಾಶವಿದೆ. ಸೇನೆಯ ವಕೀಲರಿಗೂ ಇಂಥದೇ ನಿಯಮಗಳಿವೆ.

ಇದರ ಬಗ್ಗೆ ಸುಪ್ರೀಂ ಕೋರ್ಟಿನ ತೀರ್ಪು 1991ರದ್ದು. ನೆವಾಡಾದ ವಕೀಲ ಡಾಮಿನಿಕ್ ಜೆಂಟಿಲೆ ತಮ್ಮ ಕಕ್ಷಿದಾರನ ಮೇಲೆ ಆರೋಪಪಟ್ಟಿ ಬಂದ ಕೂಡಲೇ ಸುದ್ದಿಗೋಷ್ಠಿ ಕರೆದು, ತಪ್ಪಿತಸ್ಥರು ಪೊಲೀಸರ ನಡುವೆಯೇ ಇದ್ದಾರೆ ಎಂಬರ್ಥದ ಮಾತಾಡಿದ್ದರು. ಕಕ್ಷಿದಾರ ಖುಲಾಸೆಯಾದ, ವಕೀಲರ ಮೇಲೆ ಶಿಸ್ತುಕ್ರಮವಾಯಿತು. ನೆವಾಡಾದ ನಿಯಮ ಅಸ್ಪಷ್ಟವಾಗಿದೆ ಎಂದು ಸುಪ್ರೀಂ ಕೋರ್ಟ್ ಆ ಕ್ರಮವನ್ನು ರದ್ದು ಮಾಡಿತು. ಆದರೆ ವಕೀಲರ ಮಾತಿಗೆ ಮಿತಿ ಹಾಕುವುದು ಸಂವಿಧಾನಬದ್ಧ ಎಂದೂ ಹೇಳಿತು.

ಕೊನೆಯ ನಿರ್ಧಾರ ಯಾರದ್ದು?

ಕಕ್ಷಿದಾರನದ್ದು. ತಂದೆಯದ್ದಲ್ಲ, ಹೆಂಡತಿಯದ್ದಲ್ಲ, ವಕೀಲರದ್ದೂ ಅಲ್ಲ. ಕೇಸಿನ ಗೋಪ್ಯತೆ ಅವನ ಹಕ್ಕು, ಅವನು ತಿಳಿದು ಒಪ್ಪಿದ ಮೇಲೆಯೇ ವಕೀಲರು ಬಾಯಿ ತೆರೆಯಬಹುದು. ಒಪ್ಪಿಗೆಯನ್ನು ಬರಹದಲ್ಲಿ ಕೊಡಿ, ಯಾವ ವಿಷಯ ಹೇಳಬಾರದು ಎಂಬುದನ್ನೂ ಅದರಲ್ಲೇ ಬರೆಸಿ. ಮಾನಸಿಕ ಚಿಕಿತ್ಸೆ, ಸಂಸಾರದ ಜಗಳ, ಮಕ್ಕಳ ಶಾಲೆ, ಇವು ಮೊದಲು ನೆನಪಾಗಬೇಕು.

ಸೈನಿಕನೇ ಪತ್ರಕರ್ತರೊಡನೆ ಮಾತಾಡಿದರೆ?

ಸೇವೆಯಲ್ಲಿದ್ದರೆ ಬೇಡ. ಸಮವಸ್ತ್ರ ಧರಿಸಿ ಎಲ್ಲೆಲ್ಲಿ ಕಾಣಿಸಿಕೊಳ್ಳಬಹುದು ಎಂಬುದಕ್ಕೆ ನಿಯಮವಿದೆ, ಆದೇಶ ಮೀರಿದರೆ ಅದೇ ಹೊಸ ಆರೋಪ. ಅದಕ್ಕಿಂತ ಮುಖ್ಯವಾಗಿ, ಕ್ಯಾಮೆರಾಗೆ ಹೇಳಿದ ಒಂದು ಮಾತು ಕೋರ್ಟಿನಲ್ಲಿ ಹೇಳಿದ ಮಾತಿಗೆ ಎಳ್ಳಷ್ಟು ವ್ಯತ್ಯಾಸವಾದರೂ ಪ್ರಾಸಿಕ್ಯೂಟರ್ ಆ ವಿಡಿಯೊವನ್ನೇ ಹಾಕಿ ತೋರಿಸುತ್ತಾರೆ. ವಲಸೆ ಕೇಸಿನಲ್ಲಿ "ನಾನು ಸಿಟಿಜನ್" ಎಂದು ಬಾಯಿತಪ್ಪಿ ಹೇಳಿದ್ದೂ ಕುತ್ತಿಗೆಗೆ ಬರಬಹುದು.

ಸೇನೆ ಕೊಟ್ಟ ಉಚಿತ ವಕೀಲರು ಪತ್ರಿಕೆಗೆ ಹೋಗುವುದಿಲ್ಲ ಎನ್ನುತ್ತಾರೆ. ಅವರು ಯಾರ ಪರ?

ನಿಮ್ಮವರ ಪರವೇ. ರಕ್ಷಣಾ ವಕೀಲರ ವಿಭಾಗ ಕಮಾಂಡರ್‌ನ ಅಧೀನದಲ್ಲಿಲ್ಲ. ಸುಮ್ಮನಿರುವುದು ಹಲವು ಸಲ ಜಾಣತನವೂ ಹೌದು. ಸ್ವಂತ ಖರ್ಚಿನಲ್ಲಿ ಹೊರಗಿನ ವಕೀಲರನ್ನೂ ಜೊತೆಗೆ ಇಟ್ಟುಕೊಳ್ಳಬಹುದು. ಸಾಮಾನ್ಯವಾಗಿ ಮಾಧ್ಯಮದ ಎದುರು ಬರುವವರು ಅವರೇ.

ಯಾರೇ ಇರಲಿ, ತಪ್ಪೊಪ್ಪಿಗೆಯ ಮಾತು ಬಂದಾಗ ವಲಸೆ ಕಾನೂನು ಬಲ್ಲ ಇನ್ನೊಬ್ಬರಿಗೆ ತೋರಿಸದೆ ಸಹಿ ಹಾಕಬೇಡಿ. ಗಡೀಪಾರಿನ ಅಪಾಯವನ್ನು ಕಕ್ಷಿದಾರನಿಗೆ ತಿಳಿಸುವುದು ಕ್ರಿಮಿನಲ್ ವಕೀಲರ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿತು. ಆ ಕೇಸಿನ ಹೋಸೆ ಪಡಿಯಾ ಕೂಡ ಹೊಂಡುರಾಸ್‌ನಿಂದ ಬಂದು ವಿಯೆಟ್ನಾಂ ಯುದ್ಧದಲ್ಲಿ ಸೇವೆ ಮಾಡಿದವರು. ನಲವತ್ತು ವರ್ಷ ಅಮೆರಿಕದಲ್ಲಿದ್ದೀಯ, ಚಿಂತೆ ಬೇಡ ಎಂದು ಅವರ ವಕೀಲರು ಹೇಳಿದ್ದರು.

ಪತ್ರಕರ್ತರಿಗೆ ಯಾವ ಕಾಗದ ಕೊಡಬಹುದು?

ವಕೀಲರು ನೋಡಿದ್ದನ್ನು ಮಾತ್ರ. ಕೋರ್ಟಿಗೆ ಸಲ್ಲಿಸಿದ ಸಾರ್ವಜನಿಕ ಅರ್ಜಿ, ಪದಕದ ಪ್ರಶಸ್ತಿಪತ್ರ, ಒಂದೆರಡು ಫೋಟೊ ಸಾಕು. ಸೇವಾ ದಾಖಲೆಯಾದ ಡಿಡಿ-214 ಕೊಡುವುದಾದರೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯನ್ನು ಕಪ್ಪು ಮಾಡಿ. ವಲಸೆ ಕಡತದ 'ಎ' ಸಂಖ್ಯೆ, ವೈದ್ಯಕೀಯ ಕಾಗದ, ವಕೀಲರ ಜೊತೆಗಿನ ಇಮೇಲ್ ಕೊಡಲೇಬಾರದು. ವಕೀಲರೊಡನೆ ಮಾತಾಡುವಾಗ ಪತ್ರಕರ್ತರು ಪಕ್ಕದಲ್ಲಿ ಕೂತಿದ್ದರೂ ಆ ಮಾತಿನ ಗೋಪ್ಯತೆ ಹೋದಂತೆಯೇ. ಸೇನೆಯ ರಹಸ್ಯಕ್ಕೆ ಸಂಬಂಧಪಟ್ಟದ್ದು ಕೈಯಲ್ಲಿದ್ದರೆ ಮುಟ್ಟದೆ ಮೊದಲು ವಕೀಲರಿಗೆ ಹೇಳಿ.

"ಆಫ್ ದ ರೆಕಾರ್ಡ್" ಎಂದು ಹೇಳಿ ಮಾತಾಡಿದರೆ ಸಾಕಲ್ಲವೇ?

ಮಾತಾಡಿದ ಮೇಲೆ ಹೇಳಿದರೆ ಸಾಲದು. ಮೊದಲೇ ಹೇಳಿ, ಅವರು ಒಪ್ಪಿದ ಮೇಲೆಯೇ ಅದಕ್ಕೆ ಬೆಲೆ.

ಊರಿನ ಮನೆ ಬಾಗಿಲಿಗೆ ಕನ್ನಡ ಚಾನೆಲ್‌ನವರು ಮೈಕ್ ಹಿಡಿದು ಬಂದರೆ ಅಪ್ಪ ಅಮ್ಮ ಏನು ಹೇಳಬೇಕು?

ಹಾಸನದಲ್ಲೋ ಶಿವಮೊಗ್ಗದಲ್ಲೋ ಇರುವ ವಯಸ್ಸಾದವರಿಗೆ ಗದರಿ ಬಾಗಿಲು ಹಾಕಲು ಮನಸ್ಸು ಬರುವುದಿಲ್ಲ. ಬಂದವರನ್ನು ಕೂರಿಸಿ ಕಾಫಿ ಕೊಟ್ಟು, ಮಾತಿನ ಭರದಲ್ಲಿ "ಅವನಿಗೆ ಮೊದಲಿಂದಲೂ ಸ್ವಲ್ಪ ಸಿಟ್ಟು ಜಾಸ್ತಿ" ಎಂದುಬಿಡುತ್ತಾರೆ. ಆ ಒಂದು ವಾಕ್ಯ ಯೂಟ್ಯೂಬ್‌ನಲ್ಲಿ ಉಳಿಯುತ್ತದೆ. ಅದನ್ನು ಇಂಗ್ಲಿಷಿಗೆ ತಿರುಗಿಸಿ ಕಡತಕ್ಕೆ ಸೇರಿಸುವುದು ಕಷ್ಟದ ಕೆಲಸವಲ್ಲ.

ಈ ನಾಲ್ಕು ಸಾಲು ಬರೆದು ಫೋನಿನ ಪಕ್ಕ ಇಟ್ಟುಕೊಳ್ಳಲಿ: "ನಮ್ಮ ಮಗ ಅಮೆರಿಕದ ಸೇನೆಯಲ್ಲಿ ಸೇವೆ ಮಾಡಿದ್ದಾನೆ. ಅವನ ವಿಷಯ ಕೋರ್ಟಿನಲ್ಲಿದೆ, ವಕೀಲರು ನೋಡಿಕೊಳ್ಳುತ್ತಿದ್ದಾರೆ. ಅವರ ಫೋನ್ ನಂಬರ್ ಕೊಡ್ತೀವಿ. ಇದಕ್ಕಿಂತ ಹೆಚ್ಚಿಗೆ ನಾವು ಮಾತಾಡೋ ಹಾಗಿಲ್ಲ, ತಪ್ಪು ತಿಳೀಬೇಡಿ." ಎರಡನೇ ಸಲ ಕೇಳಿದರೂ ಅದನ್ನೇ ಹೇಳಬೇಕು. ಬಾಲ್ಯದ ಫೋಟೊ ಕೊಡಬೇಡಿ, ಮನೆಯ ಒಳಗೆ ಚಿತ್ರೀಕರಣ ಬೇಡ ಎನ್ನಿ.

ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ವಿಷಯ ಹಾಕಿ ಹಣ ಕೂಡಿಸಬಹುದೇ?

ಹಣ ಕೂಡಿಸಿ. ಕೇಸಿನ ಕಥೆ ಹಾಕಬೇಡಿ. ಗುಂಪಿನಲ್ಲಿ ಐನೂರು ಜನರಿದ್ದರೆ ಅದು ಬಹಿರಂಗ ಸಭೆಯೇ.

ಪತ್ರಿಕೆಗೆ ಹೋಗದೆ ಮಾಡಬಹುದಾದದ್ದು ಏನಾದರೂ ಇದೆಯೇ?

ಇದೆ, ಮೊದಲು ಅದನ್ನೇ ಮಾಡಿ. ಸೈನಿಕರು ಸಂಸತ್ ಸದಸ್ಯರನ್ನು ಅಥವಾ ದೂರುಗಳನ್ನು ತನಿಖೆ ಮಾಡುವ ಸೇನೆಯ ಇನ್‌ಸ್ಪೆಕ್ಟರ್ ಜನರಲ್ ಅವರನ್ನು ಸಂಪರ್ಕಿಸುವುದಕ್ಕೆ ಯಾರೂ ಅಡ್ಡಿ ಮಾಡುವಂತಿಲ್ಲ, ಅದಕ್ಕಾಗಿ ಸೇಡು ತೀರಿಸಿಕೊಳ್ಳುವಂತೆಯೂ ಇಲ್ಲ ಎಂದು ಫೆಡರಲ್ ಕಾನೂನು ಹೇಳುತ್ತದೆ. ಪತ್ರಕರ್ತರ ಜೊತೆ ಮಾತಾಡಿದ್ದಕ್ಕೆ ಆ ರಕ್ಷಣೆ ಸಿಗುವುದಿಲ್ಲ. ಸಂಸತ್ ಸದಸ್ಯರ ಕಚೇರಿಯವರು ಇಲಾಖೆಯನ್ನು ವಿಚಾರಿಸಬೇಕಾದರೆ ಸೈನಿಕನ ಸಹಿ ಇರುವ ಖಾಸಗಿತನದ ಒಪ್ಪಿಗೆ ಪತ್ರ ಬೇಕು. ಬಂಧನದಲ್ಲಿರುವವರಿಂದ ಆ ಸಹಿ ತರುವುದರಲ್ಲೇ ದಿನಗಳು ಹೋಗುತ್ತವೆ, ವಕೀಲರ ಮೊದಲ ಭೇಟಿಯಲ್ಲೇ ಹಾಕಿಸಿಕೊಳ್ಳಿ. ಸಂಸದರ ಪತ್ರಕ್ಕೆ ಉತ್ತರ ಬಾರದಿದ್ದಾಗ, ಬಾರದಿದ್ದದ್ದೇ ಪತ್ರಕರ್ತರಿಗೆ ಒಳ್ಳೆಯ ಸುದ್ದಿ.

ಭಾರತದ ಕಾನ್ಸುಲೇಟ್‌ಗೆ ಹೇಳಬೇಕೇ?

ಭಾರತದ ಪಾಸ್‌ಪೋರ್ಟ್ ಇನ್ನೂ ಇದ್ದರೆ, ಬಂಧನದಲ್ಲಿರುವವರಿಗೆ ಕಾನ್ಸುಲೇಟ್ ಸಂಪರ್ಕ ಕೇಳುವ ಹಕ್ಕು ವಿಯೆನ್ನಾ ಒಪ್ಪಂದದ 36ನೇ ವಿಧಿಯಲ್ಲಿದೆ. ಬಳಸಬೇಕೇ ಬೇಡವೇ ಎನ್ನುವುದನ್ನು ವಕೀಲರ ಜೊತೆ ಮಾತಾಡಿ ನಿರ್ಧರಿಸಿ, ಏಕೆಂದರೆ ಗಡೀಪಾರಿಗೆ ಬೇಕಾಗುವ ಪ್ರಯಾಣದ ಕಾಗದ ಕೊಡುವುದೂ ಅದೇ ಕಚೇರಿ.

ಕೇಸು ಗೆದ್ದು ಅಮೆರಿಕದ ಪ್ರಜೆಯಾದ ಮೇಲೆ ಒಸಿಐ ಕಾರ್ಡ್ ಮಾಡಿಸಿಕೊಂಡು ಊರಿಗೆ ಬರಬಹುದಲ್ಲ?

ಊರಿಗೆ ಬರಬಹುದು, ವೀಸಾ ತೆಗೆದುಕೊಂಡು. ವಿದೇಶಿ ಸೇನೆಯಲ್ಲಿರುವವರಿಗೂ ನಿವೃತ್ತರಾದವರಿಗೂ ಭಾರತ ಸರ್ಕಾರ ಒಸಿಐ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಕೊಡುವುದಿಲ್ಲ. ವೀಸಾ ಅರ್ಜಿಯಲ್ಲಿ ಸೇನಾ ಸೇವೆಯ ಬಗ್ಗೆ ಪ್ರಶ್ನೆಯಿದೆ, ಅಲ್ಲಿ ನಿಜವನ್ನೇ ಬರೆಯಿರಿ. ಸುದ್ದಿಯಾದ ಕೇಸಾಗಿದ್ದರೆ ಹೆಸರು ಹುಡುಕಿದ ಕೂಡಲೇ ಎಲ್ಲವೂ ಅಧಿಕಾರಿಯ ಕಣ್ಣಿಗೆ ಬೀಳುತ್ತದೆ.